ಅಪ್ಪನ ರಿವಾಲ್ವರ್ ಕಳಿಸುವುದಿಲ್ಲ

ಡ್ರೈ ಫೋರ್ಕ್, ಅರಿಜೋನಾ
ಭಾನುವಾರ, ೨೧ ಜೂನ್ ೧೯೫೯

ಪ್ರೀತಿಯ ರಾಯ್ಸ್,

‘ಪ್ರೀತಿಯ’ ಎಂಬುದು ಕೈಯ ಅಭ್ಯಾಸದಿಂದ ಬಂದುಬಿಟ್ಟಿತು. ಹೊಡೆದುಹಾಕಿ ಒಳ್ಳೆಯ ಕಾಗದ ಹಾಳು ಮಾಡುವುದಿಲ್ಲ, ಇರಲಿ ಬಿಡು.

ನೀನು ಬಸ್ಸಿನಲ್ಲಿ ಕಳಿಸಿದ ಪೆಟ್ಟಿಗೆ ಮಂಗಳವಾರ ನಮ್ಮ ಬಂದೂಕು ರಿಪೇರಿ ಅಂಗಡಿಗೆ ಬಂತು. ಒಳಗೆ ನೀನು ಪ್ರವಾಸಿಗರೆದುರು ಆಡುವ ನಾಟಕದ ಕಪ್ಪು ಅಂಗಿ, ಅದರಲ್ಲಿ ಸುತ್ತಿದ ರಿವಾಲ್ವರ್, ಅದರ ಚರ್ಮದ ಒರೆ, ಮೇಲೊಂದು ಚೀಟಿ. “ಟ್ರಿಗರ್ ಇನ್ನೂ ಹಗುರ ಮಾಡು, ಗಾಳಿ ಸೋಕಿದರೂ ಗುಂಡು ಹಾರಬೇಕು, ಜುಲೈ ನಾಲ್ಕರ ವೇಗದ ಪಂದ್ಯಕ್ಕೆ ಬೇಕು” ಎಂದು ಬರೆದಿದ್ದೆ. ಹೇಗಿದ್ದೀಯ ಎಂಬ ಒಂದು ಮಾತೂ ಅದರಲ್ಲಿರಲಿಲ್ಲ. ನಾನು ಚೆನ್ನಾಗಿದ್ದೇನೆ. ಉತ್ತರ ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಓದುವುದೂ ಬಿಡುವುದೂ ನಿನ್ನಿಷ್ಟ. ಆಗುವುದಿಲ್ಲ. ಹಗುರ ಮಾಡುವುದಿಲ್ಲ, ವಾಪಸು ಕಳಿಸುವುದೂ ಇಲ್ಲ.

ನಮ್ಮ ಮದುವೆಯ ದಿನ ನನ್ನ ಅಪ್ಪ ನಿನ್ನ ಕೈಗಿಟ್ಟ ವಸ್ತು ಅದು. ಆಗ ಅದರ ಉಕ್ಕಿಗೆ ಮಳೆಗಾಲದ ಮೋಡದ ಬಣ್ಣವಿತ್ತು, ಹಿಡಿಯ ಮರ ಅಪ್ಪನ ಅಂಗೈ ಉಜ್ಜಿ ಉಜ್ಜಿ ನುಣುಪಾಗಿತ್ತು. ಈಗ ಚಮಚದ ಹಾಗೆ ಫಳಫಳಿಸುವ ಲೇಪ ಬಳಿಸಿದ್ದೀಯ. ಹಿಡಿಗೆ ದಂತವೆಂದು ಯಾರೋ ಮಾರಿದ ಬಿಳಿ ಪ್ಲಾಸ್ಟಿಕ್ಕು. ಅದನ್ನಾದರೂ ಸಹಿಸಿಕೊಂಡೇನು. ಬಿಚ್ಚಿ ನೋಡಿದರೆ ಗುಂಡಿನ ಬೆನ್ನಿಗೆ ಬಡಿಯುವ ಹ್ಯಾಮರನ್ನು ಹಿಡಿದು ನಿಲ್ಲಿಸುವ ಕಚ್ಚುಗಳಿಗೆ ಯಾವನೋ ಅರ ಹಾಕಿ ಸವೆಸಿದ್ದಾನೆ. ಹೆಬ್ಬೆರಳಿನಿಂದ ಹಿಂದಕ್ಕೆಳೆದಾಗ ಕೇಳಬೇಕಾದ ನಾಲ್ಕು ಸದ್ದುಗಳಲ್ಲಿ ಎರಡೇ ಉಳಿದಿದ್ದವು, ಅವೂ ಹಲ್ಲು ಬಿದ್ದ ಮುದುಕನ ಮಾತಿನಂತೆ. ಬೆರಳು ಜಾರಿದರೆ ಅದನ್ನು ತಡೆಯುವುದು ಏನೂ ಇಲ್ಲ.

ಒರೆಯನ್ನೂ ನೋಡಿದೆ. ತಳದಲ್ಲಿ ಸುತ್ತ ಸುಟ್ಟ ಒಂದು ತೂತು. ಮಾರ್ಚ್‌ನಲ್ಲಿ ಕುದುರೆ ಬೀಳಿಸಿತು, ಕಾಲು ಮುರಿಯಿತು ಎಂದು ಬರೆದಿದ್ದೆಯಲ್ಲ. ನಿಮ್ಮ ನಾಟಕದೂರಿನ ಕುದುರೆಗಳು ಒರೆಯೊಳಗಿಂದ ಗುಂಡು ಹಾರಿಸುವುದನ್ನೂ ಕಲಿತಿವೆಯೇ?

ಗುರುವಾರ ನಿನ್ನ ಯಜಮಾನ ಪರ್ವಿಸ್ ಬಂದಿದ್ದ. ಉದ್ದ ಕಾರು, ತೋಳಿಗೆ ಜಾಲರಿ ತೂಗುವ ಜಾಕೆಟ್ಟು. ಇಂಥ ಸೆಕೆಯಲ್ಲಿ ಆ ಜಾಕೆಟ್ಟು ಹಾಕಿಕೊಂಡವನ ಬುದ್ಧಿಯನ್ನು ನಾನು ಅಲ್ಲಿಯೇ ಅಳೆದೆ.

“ನೋಡಮ್ಮ, ಜನ ಅಷ್ಟು ದೂರದಿಂದ ಬರೋದು ವೇಗ ನೋಡೋಕೆ,” ಅಂದ. “ನಿಮ್ಮ ರಾಯ್ಸ್‌ನಷ್ಟು ಬೇಗ ಒರೆಯಿಂದ ತೆಗೆಯೋನು ಈ ಸೀಮೇಲೇ ಇಲ್ಲ. ಪೋಸ್ಟರ್ ಆಗ್ಲೇ ಅಂಟ್ಸಿದೀವಿ.”

“ಹಾಗಾದ್ರೆ ಪೋಸ್ಟರ್ ಕೈಲೇ ಹೊಡೆಸಿ,” ಅಂದೆ.

ಅವನಿಗೆ ನಗು ಬರಲಿಲ್ಲ. “ಟ್ರಿಗರ್ ಒಂದಿಷ್ಟು ಉಜ್ಜಿಕೊಡೋಕೆ ಇಷ್ಟೊಂದು ರಗಳೆನಾ? ಹಳೇ ಸಾಮಾನು ತಾನೆ. ಈಗಿನ ಪಿಸ್ತೂಲು ನೋಡಿ, ಬೆರಳು ಇಟ್ರೆ ಸಾಕು, ಒಂದರ ಹಿಂದೆ ಒಂದು ಹಾರ್ತಾನೇ ಇರುತ್ತೆ. ಇದಕ್ಕೆ ಪ್ರತಿ ಸಲ ಹೆಬ್ಬೆರಳು ಹಾಕಿ ಎಳೀಬೇಕು, ಗಾಣದೆತ್ತಿನ ಹಾಗೆ.”

“ಅದಕ್ಕೇ ಇದಕ್ಕೆ ಬೆಲೆ,” ಅಂದೆ.

ಆಮೇಲೆ ಗಂಡನ ವಸ್ತು ಹೆಂಡತಿ ಇಟ್ಟುಕೊಳ್ಳುವ ಹಾಗಿಲ್ಲ, ಶೆರಿಫನನ್ನು ಕರೆತರುತ್ತೇನೆ ಎಂದು ದನಿಯೇರಿಸಿದ. “ಕರ್ಕೊಂಡ್ ಬನ್ನಿ, ಅವರ ರಿವಾಲ್ವರೂ ರಿಪೇರಿಗೆ ಇಲ್ಲೇ ಇದೆ, ಅದನ್ನೂ ತಗೊಂಡು ಹೋಗ್ಲಿ,” ಅಂದೆ. ಬಾಗಿಲು ಬಡಿದುಕೊಂಡು ಹೋದ.

ಅವನಿಗೆ ಹೇಳದ ಮಾತನ್ನು ನಿನಗೆ ಹೇಳಬೇಕು. ನಿನಗೆ ಗೊತ್ತಿರುವ ಕಥೆಯೇ. ನಿನ್ನ ಅಪ್ಪ, ನನ್ನ ಮಾವ, ಪ್ರತಿ ಕ್ರಿಸ್‌ಮಸ್ಸಿಗೂ ಬಾಯಲ್ಲಿ ಕೇಕು ಇಟ್ಟುಕೊಂಡೇ ಹೇಳಿ ಎಲ್ಲರನ್ನೂ ನಗಿಸುತ್ತಿದ್ದರು. ನಗುತ್ತಾ ಕೇಳಿದ್ದರಿಂದಲೇ ನಿನಗೆ ಅದು ನಾಟಲಿಲ್ಲವೇನೋ.

ನನ್ನ ಅಪ್ಪ ಆಗ ದೊಡ್ಡ ರ‍್ಯಾಂಚಿನಲ್ಲಿ ದನಗಾಹಿ. ಆ ವರ್ಷ ಕರುಗಳ ಕಳವು ಹೆಚ್ಚಾಗಿ, ಕಳ್ಳರನ್ನು ಕಂಡಲ್ಲಿ ಹೊಡೆಯಿರಿ ಎಂದು ಯಜಮಾನ ಹೇಳಿದ್ದನಂತೆ. ಒಂದು ಸಂಜೆ ಬೇಲಿಯ ಬಳಿ ಬಗ್ಗಿದ ಬೆನ್ನು ಕಂಡಿತು. ಕೈಯಲ್ಲಿ ಚಾಕು, ಮೊಣಕಾಲಡಿ ಯಜಮಾನನ ಕರು. ಅಪ್ಪ ರಿವಾಲ್ವರ್ ತೆಗೆದು ಹ್ಯಾಮರ್ ಹಿಂದಕ್ಕೆಳೆದ. ಆ ನಿಶ್ಶಬ್ದದಲ್ಲಿ ಒಂದೊಂದು ಸದ್ದೂ ಕಲ್ಲಿಗೆ ಕಲ್ಲು ತಾಗಿದಂತೆ ಕೇಳಿತಂತೆ. ಬಗ್ಗಿದವನು ಏಳಲೂ ಇಲ್ಲ, ಕೈ ಎತ್ತಲೂ ಇಲ್ಲ. ತಲೆ ಮಾತ್ರ ತಿರುಗಿಸಿ, “ಹೊಡಿಯೋದಾದ್ರೆ ಆಮೇಲೆ ಹೊಡಿ, ಮೊದ್ಲು ಬಂದು ಈ ತಂತಿ ಹಿಡ್ಕೋ. ಕರು ಕಾಲು ಕುಯ್ದು ಹೋಗ್ತಿದೆ!” ಅಂದ.

ಕರು ಮುಳ್ಳುತಂತಿಗೆ ಸಿಕ್ಕಿಕೊಂಡಿತ್ತು. ಚಾಕು ಇದ್ದದ್ದು ಕರುವಿನ ಕೊರಳಿಗೆ ಸುತ್ತಿಕೊಂಡ ಹಗ್ಗ ಕತ್ತರಿಸಲು. ಅಪ್ಪ ಹ್ಯಾಮರನ್ನು ಹೆಬ್ಬೆರಳಿನಲ್ಲೇ ಮೆಲ್ಲಗೆ ಇಳಿಸಿ, ರಿವಾಲ್ವರ್ ಒರೆಗೆ ಹಾಕಿ, ತಂತಿ ಹಿಡಿದ. ಇಬ್ಬರ ಕೈಯೂ ರಕ್ತವಾಯಿತು. ಆ ರಾತ್ರಿ ನಿಮ್ಮ ಮನೆಯಲ್ಲೇ ಕಾಳು ಬೇಯಿಸಿ ತಿಂದರು. ಬೇಲಿಯ ಬಳಿ ಬಗ್ಗಿದ್ದ ಆ ಮಾವನವರಿಗೆ ಆಗಿನ್ನೂ ಮದುವೆಯಾಗಿರಲಿಲ್ಲ.

ಒಮ್ಮೆ ಬೆಂಚಿನ ಮುಂದೆ ಕೂತು ಅಪ್ಪ ನನಗೆ ಹೇಳಿದ್ದ: “ಇದು ನಾಲ್ಕು ಸಲ ಕೇಳುತ್ತೆ ಓಪಲ್. ಹೊಡಿಲಾ, ಹೊಡಿಲಾ, ಹೊಡಿಲಾ, ಹೊಡಿಲಾ ಅಂತ. ನಾನು ಅವತ್ತು ಮೂರು ಸಲ ಹೂಂ ಅಂದಿದ್ದೆ ಕಣೆ.” ಅಷ್ಟು ಹೇಳಿ ಕನ್ನಡಕ ಒರೆಸಿಕೊಳ್ಳುತ್ತಾ ಕೂತುಬಿಟ್ಟ.

ನೀನು ಬದುಕಿರುವುದು ಆ ನಾಲ್ಕನೆಯ ಸದ್ದಿನಿಂದ, ರಾಯ್ಸ್. ನೀನು ಅರ ಹಾಕಿಸಿ ತೆಗೆಸಿದ್ದು ಅದನ್ನೇ.

ಅಪ್ಪ ಹೋದ ಮೇಲೆ ನಾನು ಈ ಅಂಗಡಿ ನಡೆಸಲಾರೆ ಎಂದಿದ್ದೆ ನೀನು. ಈಗ ಬಂದು ನೋಡು. ಟೀವಿಯಲ್ಲಿ ದನಗಾಹಿಗಳ ಆಟ ಶುರುವಾದ ಮೇಲೆ, ಅಜ್ಜಂದಿರ ಪೆಟ್ಟಿಗೆ ತಳದಲ್ಲಿ ತುಕ್ಕು ಹಿಡಿದಿದ್ದ ರಿವಾಲ್ವರುಗಳೆಲ್ಲ ನನ್ನ ಬೆಂಚಿಗೆ ಬರುತ್ತಿವೆ. ಬಂದವರೆಲ್ಲ ಕೇಳುವುದು ವೇಗವನ್ನೇ. ಆಗುವುದಿಲ್ಲ ಎನ್ನುತ್ತೇನೆ. ಅರ್ಧ ಜನ ಬೈದುಕೊಂಡು ಹೋಗುತ್ತಾರೆ. ಉಳಿದರ್ಧ ಜನ ಕೂರುತ್ತಾರೆ, ಕಾಫಿ ಕುಡಿಯುತ್ತಾರೆ, ಅಜ್ಜನ ಕಥೆ ಹೇಳುತ್ತಾರೆ. ಅಷ್ಟರಿಂದಲೇ ನನ್ನ ಒಲೆ ಉರಿಯುತ್ತಿದೆ.

ನಿನ್ನದನ್ನು ಮೂರು ದಿನ ಹಿಡಿದು ಸರಿಮಾಡಿದೆ. ಹೊಸ ಹ್ಯಾಮರ್, ಹೊಸ ಸ್ಪ್ರಿಂಗು, ಅಕ್ರೋಟು ಮರದ ಹಿಡಿ. ಆ ಲೇಪ ಮಾತ್ರ ಬಿಡಿಸಲಾಗಲಿಲ್ಲ, ಫಳಫಳಿಸಲಿ. ನಿನ್ನೆ ಬೆಳಿಗ್ಗೆ ಅಂಗಡಿಯ ಹಿಂದಿನ ಹಳ್ಳದಲ್ಲಿ ಡಬ್ಬಿಗಳನ್ನಿಟ್ಟು ಹೊಡೆದು ನೋಡಿದೆ. ಅಪ್ಪ ಕಲಿಸಿದಂತೆ ತಿರುಗುವ ಉರುಳೆಯ ಐದು ಮನೆಗೆ ಗುಂಡು, ಹ್ಯಾಮರ್ ಕೂರುವ ಆರನೆಯ ಮನೆ ಖಾಲಿ. ಗುಂಡು ಹಾರಿದಾಗ ಅದು ಕೈಗೆ ಒದೆಯುವುದಿಲ್ಲ, ಹಿಡಿ ಅಂಗೈಯಲ್ಲಿ ತಾನೇ ಉರುಳಿ ನಳಿಗೆ ಮೇಲೇಳುತ್ತದೆ. ಹ್ಯಾಮರ್ ತಾನಾಗಿ ಹೆಬ್ಬೆರಳಿನ ಬಳಿಗೆ ಬರುತ್ತದೆ. ಬಂದು ಅಲ್ಲಿಗೆ ಸುಮ್ಮನಾಗುತ್ತದೆ. ಮುಂದಿನದು ಹೊಡೆಯುವವನಿಗೆ ಬಿಟ್ಟದ್ದು. ಎರಡು ಗುಂಡುಗಳ ನಡುವೆ ಉಸಿರಾಡಲು ಜಾಗವಿಟ್ಟು ಮಾಡಿದ್ದಾರೆ ಅದನ್ನು. ನನಗೆ ಅದಕ್ಕಿಂತ ಚೆಂದದ ವಸ್ತು ಗೊತ್ತಿಲ್ಲ. ಮೂರು ಡಬ್ಬಿ ಬಿದ್ದವು. ಉಳಿದೆರಡರ ಬಗ್ಗೆ ಕೇಳಬೇಡ.

ನಿನ್ನೆ ಮಧ್ಯಾಹ್ನವೇ ಪರ್ವಿಸ್ ನಿಜಕ್ಕೂ ಶೆರಿಫ್ ಟಿಲ್ಮನ್‌ರನ್ನು ಕರೆತಂದ. ಟಿಲ್ಮನ್ ಟೋಪಿ ತೆಗೆದು ಮಂಡಿಯ ಮೇಲಿಟ್ಟುಕೊಂಡು ಕೂತರು. “ಓಪಲ್, ಕಾನೂನಿನ ಪ್ರಕಾರ ಅದು ರಾಯ್ಸಂದೇ ಕಣಮ್ಮ,” ಅಂದರು.

“ನಂದು ಅಂತ ನಾನೂ ಅಂದಿಲ್ಲ. ಅವನ ಕೈಗೇ ಕೊಡ್ತೀನಿ. ಇವರ ಕೈಗೆ ಕೊಡಲ್ಲ.”

ಟಿಲ್ಮನ್ ಮೀಸೆ ಸವರಿಕೊಂಡು ಪರ್ವಿಸನ ಕಡೆ ತಿರುಗಿದರು. “ಅದೂ ಕಾನೂನೇ ಸ್ವಾಮಿ. ಒಬ್ಬರ ರಿವಾಲ್ವರ್ ಇನ್ನೊಬ್ಬರ ಕೈಗೆ ನಾನು ಹೆಂಗೆ ಕೊಡಿಸ್ಲಿ? ಅವನೇ ಬರ್ಲಿ.” ಕಾರಿನ ಧೂಳು ಇಳಿಯುವವರೆಗೂ ಬಾಗಿಲಲ್ಲಿ ನಿಂತಿದ್ದು, ಒಳಗೆ ಬಂದು, ತಮ್ಮ ರಿವಾಲ್ವರಿನ ಕಚ್ಚುಗಳನ್ನೂ ಒಂದು ಸಲ ನೋಡಿಬಿಡಮ್ಮ ಅಂದರು.

ಆದ್ದರಿಂದ ನೀನೇ ಬರಬೇಕು. ಬಂದು ಅಪ್ಪನ ಬೆಂಚಿನ ಮುಂದೆ ಕೂತು, ಖಾಲಿ ರಿವಾಲ್ವರ್ ಕೈಗೆ ತೆಗೆದುಕೊಂಡು, ಹ್ಯಾಮರ್ ಹಿಂದಕ್ಕೆಳೆದು, ನಾಲ್ಕು ಸದ್ದನ್ನೂ ನನ್ನೆದುರು ಕೇಳಬೇಕು. ಆಮೇಲೂ ನಿನಗೆ ಆ ಪಂದ್ಯ ಬೇಕೆನಿಸಿದರೆ, ಬೇರೆ ಯಾವುದಾದರೂ ಹಗುರ ಪಿಸ್ತೂಲು ಹುಡುಕಿಕೋ. ಇದು ಇದ್ದ ಹಾಗೇ ಇರುತ್ತದೆ. ಇದಕ್ಕೆ ಮತ್ತೆ ಅರ ಹಾಕಿದರೆ ನಿನ್ನ ಮುಖ ನೋಡುವುದಿಲ್ಲ.

ಗಂಡನಾಗಿ ಬಾ ಎಂದು ಕರೆಯುತ್ತಿಲ್ಲ. ಆ ಮಾತು ನಾನು ಮೊದಲು ಆಡುವುದಿಲ್ಲ. ರಿವಾಲ್ವರಿನ ಮಾಲೀಕನಾಗಿ ಬಾ. ಅಂಗಡಿ ಬೆಳಿಗ್ಗೆ ಎಂಟಕ್ಕೆ ತೆರೆಯುತ್ತದೆ.

ಹಟ ಬಿಡದ,
ಓಪಲ್

ಮರೆತಿದ್ದೆ: ಮಾರ್ಚ್‌ನಲ್ಲಿ ನೀನು ಆಸ್ಪತ್ರೆಯಲ್ಲಿದ್ದಾಗ ‘ನಿಮ್ಮ ತಂಗಿ ಬಂದು ರಾತ್ರಿಯೆಲ್ಲ ಕೂತಿದ್ದರು’ ಎಂದು ನರ್ಸ್ ಹೇಳಿರಬೇಕು. ನಿನಗೆ ತಂಗಿಯಿಲ್ಲ. ಜ್ವರದಲ್ಲಿ ನೀನು ಮತ್ತೆ ಮತ್ತೆ ಕರೆದ ಹೆಸರು ಕುದುರೆಯದಾಗಿರಲಿಲ್ಲ.