ಒದ್ದರೆ ಹೋಗುವ ನೋವಲ್ಲ

ಇಸಳೂರು
೧೦-೧೦-೧೯೯೮, ಶನಿವಾರ

ಪ್ರೀತಿಯ ದೇವಕಿ ಅಕ್ಕಾ,

ನಿನ್ನನ್ನು ತಿಂಗಳಿಂದ ಹಾಸಿಗೆಗೆ ಹಾಕಿ, ನಿನ್ನ ಹೊಲಿಗೆ ಯಂತ್ರವನ್ನು ಅಟ್ಟಕ್ಕೆ ಏರಿಸಿದ್ದು ಅನ್ಯಾಯ. ಯಂತ್ರ ತುಳಿದು ತುಳಿದು ಕಾಲಿನ ನರ ಸರಿದಿದೆ ಎಂದು ನಿನ್ನ ಅತ್ತೆ ತೀರ್ಮಾನಿಸಿದ್ದಾರೆ. ದೀಪಾವಳಿಗೆ ಅದನ್ನು ನಿನ್ನ ನಾದಿನಿಗೆ ಕೊಟ್ಟುಬಿಡುತ್ತಾರಂತೆ. ಮದುವೆಗೆ ಮುಂಚೆ ಊರವರ ರವಿಕೆ ಹೊಲಿದು ನೀನೇ ಸಂಪಾದಿಸಿದ ಯಂತ್ರ ಅದು. ಸುಮ್ಮನಿರಬೇಡ.

ನಿನ್ನ ಈ ಕಾಲುನೋವಿಗೆ ಸಿಯಾಟಿಕಾ ಎನ್ನುತ್ತಾರೆ, ಅದರ ಮೇಲಿನ ಕರಪತ್ರ ನನಗೆ ಬಾಯಿಪಾಠ ಆಗಿದೆ. ಸಾಲದ್ದಕ್ಕೆ ಶಿರಸಿಯ ಡಾಕ್ಟರರ ತಲೆಯನ್ನೂ ತಿಂದು ಬಂದಿದ್ದೇನೆ. ನೋವು ಕಾಲಿನಲ್ಲಿದ್ದರೂ ಅದರ ಮೂಲ ಸೊಂಟ. ಹೆಚ್ಚಾಗಿ ಬೆನ್ನುಮೂಳೆಗಳ ನಡುವಿನ ಮೆತ್ತೆ ಉಬ್ಬಿ ನರದ ಬುಡವನ್ನು ಒತ್ತುತ್ತದೆ, ಆಗ ನೋವು ಹಿಮ್ಮಡಿವರೆಗೂ ಇಳಿಯುತ್ತದೆ. ನರ ಎಲ್ಲಿಗೂ ಸರಿದಿಲ್ಲ, ಅದನ್ನು ಯಾರೂ ಹಿಡಿದು ಕೂರಿಸಬೇಕಾಗಿಲ್ಲ. ಹೆಚ್ಚಿನವರಿಗೆ ಕೆಲವು ವಾರಗಳಲ್ಲಿ ತಾನಾಗಿಯೇ ಇಳಿಯುತ್ತದೆ, ಆಪರೇಶನ್ ಬೇಕಾಗುವುದು ಕೆಲವರಿಗೆ ಮಾತ್ರ. ಸದಾ ಮಲಗಿದ್ದರೆ ಮೈ ಇನ್ನಷ್ಟು ಬಿಗಿಯುತ್ತದೆ. ಅಂಗಳದಲ್ಲಿ ನಿಧಾನ ನಡೆದಾಡು. ಬಗ್ಗಿ ಬಹಳ ಹೊತ್ತು ಕೂರಬೇಡ. ಹೊಲಿಯುವಾಗ ಪಾಲಿಸಬೇಕಾದ್ದೂ ಇಷ್ಟೇ. ಆದರೆ ಮೂತ್ರ ಕಟ್ಟಿದರೆ, ತೊಡೆಸಂದಿ ಮರಗಟ್ಟಿದರೆ, ಪಾದ ಎತ್ತಲಾಗದಿದ್ದರೆ ಮಾತ್ರ ಯಾರನ್ನೂ ಕೇಳುತ್ತ ಕೂರದೆ ಆ ಕ್ಷಣವೇ ಆಸ್ಪತ್ರೆಗೆ ಹೋಗು.

ಇನ್ನು ಒದೆಯುವ ವಿಚಾರ. ಕಾಲು ಮುಂದಾಗಿ ಹುಟ್ಟಿದವರು ಸೊಂಟಕ್ಕೆ ಒದ್ದರೆ ನೋವು ಹೋಗುತ್ತದೆ, ಹಾಗೆ ಹುಟ್ಟಿದವಳು ನೀನು, ಬಂದು ಒದಿ ಎಂದು ನಿನ್ನ ಅತ್ತೆ ನನಗೆ ಹೇಳಿಕಳಿಸಿದ್ದಾರೆ. ಹೋದ ವರ್ಷ ಇದೇ ನೋವು ಬಂದಾಗ ನಿಮ್ಮೂರು ತ್ಯಾಗಲಿಯ ಮಧುಕೇಶ್ವರಣ್ಣ ನಾನು ಒಲ್ಲೆನೆಂದರೂ ಬಿಡದೆ ಬೋರಲು ಮಲಗಿ, "ಒದಿ ತಂಗಿ, ನಾಚ್ಕಬೇಡ" ಎಂದು ಒದೆಸಿಕೊಂಡ. ಕೆಲವು ದಿನಗಳಲ್ಲಿ ಗುಣವಾಗಿ ನನ್ನ ಪಾದದ ಮಹಿಮೆಯನ್ನು ಊರಿಗೆಲ್ಲ ಸಾರಿದ.

ಮೊನ್ನೆ ನಮ್ಮನ್ನು ಹೆತ್ತ ಆಯಿಯೇ ದೋಸೆ ಹೊಯ್ಯುತ್ತ ಏನು ಹೇಳಿದಳು ಗೊತ್ತೆ? "ಕಾಲು ಮುಂದಾಗಿ ಹುಟ್ಟಿದ್ದು ನೀ ಅಲ್ಲ ಕೂಸೆ, ನಿನ್ನ ತಮ್ಮ ಶಶಾಂಕ. ಅಂವ ಕರದ್ರೆ ಬತ್ನಿಲ್ಲೆ. ಅದ್ಕೆ ನಿನ್ನ ಹೆಸ್ರು ಹೇಳ್ದಿ."

ತಮ್ಮನ ಕೀರ್ತಿಯನ್ನು ಇಷ್ಟು ವರ್ಷ ನಾನು ಹೊತ್ತಿದ್ದೇನೆ. ನಕ್ಕು ನಕ್ಕು ನನ್ನ ಹೊಟ್ಟೆಯೇ ಹಿಡಿದುಕೊಂಡಿತು. ಯೋಚಿಸು ಅಕ್ಕಾ, ಬೇರೆ ಯಾರದೋ ಕಾಲಿನಿಂದ ಒದೆಸಿಕೊಂಡವನೂ ಗುಣವಾದ ಎಂದರೆ, ಒದೆಸಿಕೊಳ್ಳದಿದ್ದರೂ ಆಗುತ್ತಿದ್ದ. ಇದನ್ನು ನಿನ್ನ ಅತ್ತೆಗೆ ಓದಿ ಹೇಳು. ಅವರೂ ನಗುತ್ತಾರೆ, ಕೆಟ್ಟವರಲ್ಲ.

ತಿಂಗಳಾದರೂ ನಿನಗೆ ನೋವು ಇಳಿಯದ್ದರಿಂದ ಡಾಕ್ಟರರು ಒಮ್ಮೆ ನೋಡಲೇಬೇಕು. ಯಂತ್ರ ನಿನ್ನ ಕೋಣೆಗೆ ವಾಪಸು ಬರಲೇಬೇಕು.

ನಿನ್ನ ಜಗಳಗಂಟಿ ತಂಗಿ,
ಶ್ರೀವಾಣಿ

ತಾ. ಕ.: ಹೇಳಬೇಡ ಎಂದಿದ್ದರೂ ಹೇಳುತ್ತೇನೆ. ಈ ಕಾಗದ ಬರೆಸಿದ್ದು ನಿನ್ನ ಗಂಡ. ಗೋವಿಂದ ಭಾವ ಎಸ್‌ಟಿಡಿ ಬೂತಿನಿಂದ ಫೋನು ಮಾಡಿ, "ಆನು ಹೇಳಿದ್ರೆ ಆಯಿ ಕೇಳ್ತಿಲ್ಲೆ, ನೀ ಬರಿ. ಯಂತ್ರ ಅಟ್ಟದಿಂದ ಆನೇ ಇಳಿಸ್ತೆ" ಎಂದರು. ಇನ್ನು ಅವರನ್ನು ಮೂಕಬಸವ ಎಂದು ಬೈಯಬೇಡ. ನಿನ್ನನ್ನು ಅವರೇ ಕರೆತರುತ್ತಾರೆ, ಡಾಕ್ಟರರ ಬಳಿ ಮೂವರೂ ಹೋಗೋಣ. ಶುಕ್ರವಾರ, ಹದಿನಾರನೇ ತಾರೀಖು, ಬೆಳಿಗ್ಗೆ ಹತ್ತು ಗಂಟೆಗೆ ಶಿರಸಿ ಬಸ್‌ಸ್ಟ್ಯಾಂಡಿನಲ್ಲಿ ನಿಂತಿರುತ್ತೇನೆ.