ಸಾಕು ಎಂಬ ಒಂದು ಮಾತು

೧೨ ನವೆಂಬರ್, ಭಾನುವಾರ

ಪ್ರೀತಿಯ ಅಕ್ಕನಿಗೆ,

ನಾವೆಲ್ಲ ಚೆನ್ನಾಗಿದ್ದೇವೆ, ನಿನ್ನ ಮಂಡಿನೋವು ಹೇಗಿದೆ? ನೀನು ಕಳಿಸಿದ ಕಾದಂಬರಿ ಬಂದು ಎಷ್ಟೋ ದಿನವಾಯಿತು. 'ಓದಿ, ಏನನ್ನಿಸಿತು ಬರಿ' ಎಂದಿದ್ದೆ. ತಡವಾಯಿತೆಂದು ಬೈಯಬೇಡ, ನನಗೆ ಆಮೆ ಎಂದು ಹೆಸರಿಟ್ಟವಳು ನೀನೇ. ಮಂಚದ ಮೇಲೆ ಬೋರಲು ಮಲಗಿ ಇಬ್ಬರೂ ಒಂದೇ ಪುಸ್ತಕ ಓದುವಾಗ ನಿನ್ನ ಬೆರಳು ಪುಟದ ತುದಿಯಲ್ಲೇ ಕಾಯುತ್ತಿತ್ತು. "ಆಯ್ತೇನೇ?" "ಇರೇ, ಇನ್ನೆರಡು ಸಾಲು!" ಅಷ್ಟರಲ್ಲಿ ಪುಟ ಮಗುಚಿರುತ್ತಿತ್ತು.

ಕಾದಂಬರಿ ಹಿಡಿಸಿತು. ಹಾಸಿಗೆ ಹಿಡಿದ ತಾಯಿ ಒಂದು ದಿನ 'ಸಾಕು' ಎನ್ನುತ್ತಾಳೆ. ಮಗ ಉಸಿರಿನ ಯಂತ್ರ ತೆಗೆಸುತ್ತಾನೆ. ಊರು ಎರಡು ಪಾಲಾಗುತ್ತದೆ. ಲೇಖಕಿ ಯಾರ ವಕಾಲತ್ತನ್ನೂ ವಹಿಸುವುದಿಲ್ಲ. ಮಗನನ್ನು ಬೈಯುವವರ ಬಾಯಲ್ಲೂ ತೂಕದ ಮಾತುಗಳನ್ನೇ ಆಡಿಸಿದ್ದಾಳೆ. ನಮ್ಮ ಗ್ರಂಥಾಲಯದ ಓದುಗರ ಕೂಟದಲ್ಲಿ ಮಾತ್ರ ರಂಪವಾಯಿತು. ನಿವೃತ್ತ ವಕೀಲರು, "ಏನೇ ಹೇಳಿ, ಅದು ಕೊಲೆನೇ ಕಣ್ರೀ" ಎಂದರು. ನರ್ಸಮ್ಮ ಬಿಡಲಿಲ್ಲ: "ಒಂದು ವಾರ ನಮ್ಮ ವಾರ್ಡಲ್ಲಿ ನಿಂತ್ಕೊಳ್ಳಿ ಸ್ವಾಮಿ, ಆಮೇಲೆ ಮಾತಾಡೋಣ." ನನ್ನನ್ನು ಕೇಳಿದಾಗ "ಅನುವಾದ ಚೆನ್ನಾಗಿದೆ" ಎಂದೆ. ಎಲ್ಲರೂ ನಕ್ಕರು.

ನಾನು ತಮಾಷೆಗೆ ಹೇಳಿರಲಿಲ್ಲ. ಮೂಲದಲ್ಲಿ ಯಾವ ಪದವಿತ್ತೋ ಗೊತ್ತಿಲ್ಲ, ಆದರೆ 'ಸಾಕು' ಎಂದು ಓದಿದೊಡನೆ ನಮ್ಮ ಹಳೆಯ ಅಡುಗೆಮನೆ ಕಣ್ಣಮುಂದೆ ಬಂತು. ಊಟಕ್ಕೆ ಕೂತ ಅಪ್ಪ "ಸಾಕು, ಸಾಕು" ಎನ್ನುತ್ತಿದ್ದರು. ಬಡಿಸುತ್ತಿದ್ದ ನಮಗೆ ಅಮ್ಮ ಒಲೆಯ ಹತ್ತಿರದಿಂದಲೇ ಕೂಗುತ್ತಿದ್ದಳು: "ಬಾಯಿಮಾತು ನಂಬಬೇಡ್ರೇ, ಕೈ ಅಡ್ಡ ಬಂತಾ ನೋಡಿ!" ತಟ್ಟೆಗೆ ಕೈ ಅಡ್ಡ ಬರದಿದ್ದರೆ ಇನ್ನೊಂದು ಸೌಟು ಬೇಕೆಂದೇ ಅರ್ಥ. ಸಿಕ್ಕಿಬಿದ್ದವರಂತೆ ಅಪ್ಪ ನಗುತ್ತಿದ್ದರಲ್ಲ, ಆ ನಗು ನೆನಪಿದೆಯೇ?

ಕಾದಂಬರಿಯಲ್ಲಿ ನನಗೆ ಕಂಡ ಕೊರತೆ ಒಂದೇ. ತಾಯಿ ಆ ಮಾತನ್ನು ಹೇಗೆ ಹೇಳಿದಳು ಎಂದು ಮಗನನ್ನು ಕೊನೆಯವರೆಗೂ ಯಾರೂ ಕೇಳುವುದಿಲ್ಲ. ಬೈಯುವವರೂ ಕೇಳುವುದಿಲ್ಲ, ಹೊಗಳುವವರೂ ಕೇಳುವುದಿಲ್ಲ. ಅವನು ಪಾಪ, ಯಾರಾದರೂ ಕೇಳಲೆಂದು ಕಾಯುತ್ತಿದ್ದ ಎಂದೇ ನನಗನ್ನಿಸಿತು.

ಮಂಡಿಗೆ ಶಾಖ ಕೊಟ್ಟುಕೋ. ಭಾವನಿಗೆ ನಮಸ್ಕಾರ, ಮಕ್ಕಳಿಗೆ ನನ್ನ ಆಶೀರ್ವಾದ. ಎಲ್ಲರೂ ತಣ್ಣಗಿರಿ.

ನಿನ್ನ
ಆಮೆ

ಮತ್ತೊಂದು ಮಾತು: ಆಸ್ಪತ್ರೆಯಲ್ಲಿ ಅಪ್ಪನ ಉಸಿರಿನ ಯಂತ್ರ ತೆಗೆಸಿದ ದಿನ ನಾನು ಔಷಧಿ ತರಲು ಕೆಳಗಿಳಿದಿದ್ದೆ. ಮೇಲೆ ಬರುವಷ್ಟರಲ್ಲಿ ನೀನು ಒಪ್ಪಿಗೆ ಕೊಟ್ಟಾಗಿತ್ತು. "ಮಾಸ್ಕಿನ ಒಳಗಿಂದಲೇ ಸಾಕು ಅಂದ್ರು ಕಣೇ" ಎಂದಷ್ಟೇ ಹೇಳಿದ್ದೆ. ಇಷ್ಟು ವರ್ಷ ನಾನು ಕೇಳಲಿಲ್ಲ, ನೀನೂ ಹೇಳಲಿಲ್ಲ. ಏನೇ ಹೇಳಿದರೂ ನಂಬುತ್ತೇನೆ.

ಆಗ ಅಪ್ಪನ ಕೈ ಅಡ್ಡ ಬಂದಿತ್ತಾ, ಅಕ್ಕ?