ಹಳೇ ಚೀಟಿಯ ಡಬ್ಬ

ಮಾರ್ಚ್ 3, ಸೋಮವಾರ

ಅಂಗಡಿ ತೆರೆಯುವ ಮೊದಲೇ ಗೇಮ್ ಡಬ್ಬಗಳಿಗೆಲ್ಲ ಹೊಸ ಬೆಲೆಯ ಚೀಟಿ ಅಂಟಿಸಿದೆ. ಉಗುರಿನ ತುಂಬ ಗೋಂದು. ರೇಸಿಂಗ್ ಗೇಮಿನ ಹೊಸ ಭಾಗವೂ ಏರಿತು. ಹೆಚ್ಚುಕಡಿಮೆ ನನ್ನ ಅರ್ಧ ತಿಂಗಳ ಬಾಡಿಗೆ... ಅದರ ಒಂದು ಡಬ್ಬಕ್ಕೆ ಮಾತ್ರ ಚೀಟಿ ಬದಲಿಸಲಿಲ್ಲ. ಹೆಡ್‌ಫೋನ್ ಪೆಟ್ಟಿಗೆಗಳ ಹಿಂದೆ ಬಚ್ಚಿಟ್ಟೆ, ಸಂಬಳದ ದಿನ ಹಳೇ ಬೆಲೆಗೇ ಕೊಳ್ಳೋಣ ಅಂತ. ಅಂಗಡಿಯಲ್ಲಿ ಎಲ್ಲರೂ ಮಾಡುವುದೇ. ಮ್ಯಾನೇಜರ್ ಕಂಡರೂ ಕಾಣದ ಹಾಗೆ ಇರುತ್ತಾರೆ.

ಮಾರ್ಚ್ 9, ಭಾನುವಾರ, ಸಂಜೆ 6

ಚಿನಕುರುಳಿಯ ಜೊತೆ ಆನ್‌ಲೈನಲ್ಲಿ ಹಳೇ ರೇಸಿಂಗ್ ಗೇಮ್ ಆಡಿದೆ. ಹನ್ನೆರಡಾಯಿತು ಮಗಳಿಗೆ. ನಾನೂ ಅವಳ ಅಮ್ಮನೂ ಬೇರೆಯಾಗಿ ನಾಲ್ಕು ವರ್ಷ. ಅವಳು ಅಮ್ಮನ ಜೊತೆ ಬೇರೆ ಊರಲ್ಲಿ. ವಾರಕ್ಕೆ ಈ ಒಂದು ಗಂಟೆ ನನ್ನದು.

"ಅಪ್ಪಾ, ಸ್ಪೀಡ್ ಹಾಕು. ಎಮ್ಮೆ ಓಡಿಸ್ತಿದ್ದೀಯಾ?"

ರೇಸಿನ ನಡುವೆ ಎಲ್ಲ ಹೇಳುತ್ತಾಳೆ. ಗಣಿತದಲ್ಲಿ ಡುಮ್ಕಿ ಹೊಡೆದದ್ದು, ಗೆಳತಿ ಟೂ ಬಿಟ್ಟದ್ದು... ನಾನು ಕೇಳಲೇಬೇಕಿಲ್ಲ.

"22ಕ್ಕೆ ಈ ಹಳೇ ಗೇಮ್ ಬಂದ್ ಮಾಡ್ತಾರಂತೆ ಕಂಪನಿಯವ್ರು. ಹೊಸದು ಅಮ್ಮ ಕೊಡಿಸಿದ್ಲು. ನೀನೂ ತಗೋತೀಯ ತಾನೇ?"

"ಆಗ್ಲೇ ಎತ್ತಿಟ್ಟಿದ್ದೀನಿ ಕಣೇ."

ಜಂಬದಿಂದಲೇ ಹೇಳಿದೆ.

ಮಾರ್ಚ್ 20, ಗುರುವಾರ

ಸಂಬಳ ಬಂತು. ಡಬ್ಬ ಹಿಡಿದು ಬಿಲ್ಲಿಂಗ್ ಕೌಂಟರಿಗೆ ಹೋದೆ. ಮೆಷಿನ್ ತೋರಿಸಿದ್ದು ಹೊಸ ಬೆಲೆ.

"ಹಳೇ ಚೀಟಿ ಇದೆಯಲ್ಲಕ್ಕಾ" ಅಂದೆ.

"ಈಗ ಬೆಲೆ ಇರೋದು ಕಂಪ್ಯೂಟರಲ್ಲಿ ಕಣಪ್ಪಾ" ಅಂದರು ಬಿಲ್ಲಿಂಗ್ ಅಕ್ಕ. "ಹೆಡ್ ಆಫೀಸಿಂದಾನೇ ಏರಿಸ್ತಾರೆ. ನೀನು ಅಂಟಿಸೋದು ಬರೀ ನೋಡೋಕೆ."

ಮೊದಲೆಲ್ಲ ಚೀಟಿಯಲ್ಲಿ ಇದ್ದದ್ದೇ ಬೆಲೆ. ಯಾವಾಗ ಬದಲಾಯಿತೋ, ಯಾರೂ ಹೇಳಲಿಲ್ಲ. ನಾನೂ ಕೇಳಲಿಲ್ಲ, ಪೆದ್ದ. ಬಾಡಿಗೆ ಕಳೆದು ಕೈಯಲ್ಲಿ ಉಳಿದ ದುಡ್ಡು ಹಳೇ ಬೆಲೆಗಷ್ಟೇ ಸಾಕಾಗುತ್ತಿತ್ತು. ಮ್ಯಾನೇಜರನ್ನು ಕೇಳಿದೆ. "ನನ್ನ ಕೈಯಲ್ಲೇನಿದೆ ಹೇಳು" ಅಂದರು. ಸುಳ್ಳಲ್ಲ ಅದು, ಅವರ ಮೇಲೆ ಸಿಟ್ಟಾಗಲೂ ಆಗಲಿಲ್ಲ.

ಹಳೇ ಚೀಟಿ ಕಿತ್ತು, ಹೊಸದು ಅಂಟಿಸಿ, ಡಬ್ಬವನ್ನು ಶೆಲ್ಫಿಗೆ ವಾಪಸ್ ಇಟ್ಟೆ. ಗೋಡೌನಿಗೆ ಹೋಗಿ ಅತ್ತೆ.

ಮಾರ್ಚ್ 23, ಭಾನುವಾರ

ಹಳೇ ಗೇಮ್ ತೆರೆಯಲೇ ಇಲ್ಲ. ಫೋನ್ ಮಾಡಿ ಇದ್ದದ್ದು ಹೇಳಿದೆ.

"ಹೋಗ್ಲಿ ಬಿಡಪ್ಪಾ. ಬೆಲೆ ಇಳಿದಾಗ ತಗೊಂಡ್ರಾಯ್ತು. ಫೋನಲ್ಲೇ ಮಾತಾಡೋಣ."

ನನಗೇ ಸಮಾಧಾನ ಹೇಳುತ್ತಾಳೆ, ಅಜ್ಜಿಯ ಹಾಗೆ. ಸರಿ, ಮಾತಾಡಿದೆವು. ತಿಂಡಿ ತಿಂದ್ಯಾ? ತಿಂದೆ. ಸ್ಕೂಲು? ಚೆನ್ನಾಗಿದೆ. ನಾಲ್ಕು ನಿಮಿಷ.

ಏಪ್ರಿಲ್ 7, ಸೋಮವಾರ

ಮತ್ತೆ ಏರಿತು. ನಾನೇ ಅಂಟಿಸಿದೆ.

ಏಪ್ರಿಲ್ 13, ಭಾನುವಾರ, ಸಂಜೆ 5:10

ಏನೇನು ಕೇಳಬೇಕು ಅಂತ ಬರೆದಿಟ್ಟುಕೊಂಡೇ ಫೋನ್ ಮಾಡಿದೆ. ಸ್ವಂತ ಮಗಳ ಜೊತೆ ಮಾತಾಡಲು ಪಟ್ಟಿ ಬೇಕಾಯಿತಲ್ಲ... ಎಲ್ಲದಕ್ಕೂ "ಹೂಂ". ಅತ್ತ ಕಡೆ ಕಾರುಗಳ ಸದ್ದು. ಅವಳಮ್ಮನ ದನಿ— "ಕನ್ನಡಕ ಹಾಕ್ಕೊಂಡು ಆಡು."

"ಕನ್ನಡಕ ಯಾವಾಗ ಬಂತೇ?"

"ಆಗ್ಲೇ ಎರಡು ವಾರ ಆಯ್ತು. ಹೇಳೋದೇ ಮರೆತೋಯ್ತಪ್ಪಾ."

ಫ್ರೇಮ್ ಯಾವ ಬಣ್ಣದ್ದು ಅಂತ ಕೇಳೋಣ ಅಂದುಕೊಂಡೆ. ಅಷ್ಟರಲ್ಲಿ "ರೇಸ್ ಶುರುವಾಯ್ತು, ಇಡ್ತೀನಿ" ಅಂದಳು. ಮುಂದಿನ ವಾರ ಮೊದಲು ಅದನ್ನೇ ಕೇಳಬೇಕು, ಪಟ್ಟಿಗೆ ಬರೆದುಕೊಂಡೆ.